ಜಗ್ಗದ ನಟ್ಟು

ಕಟ್ಟುವುದು ಕಷ್ಟ, ಬಿಚ್ಚುವುದು ಸುಲಭ ಎಂದು ಹಿರಿಯರು ಹೇಳುವುದುಂಟು. ಮನೆಯ ಮಟ್ಟಿಗೂ ಸ್ನೇಹದ ಮಟ್ಟಿಗೂ ಈ ಮಾತು ದಿಟವಿದ್ದೀತು. ಆದರೆ ಹಳೆಯ ಮೋಟಾರು ಗಾಡಿಯೊಂದರ ಹಿಂದಿನ ಅಚ್ಚಿನ ನಟ್ಟನ್ನು ಬಿಚ್ಚಲು ಒಮ್ಮೆಯಾದರೂ ಮೊಣಕಾಲೂರಿ ಕುಳಿತವನು ಇದನ್ನು ಒಪ್ಪಲಾರನು. ಬಿಚ್ಚುವುದಕ್ಕೂ ಒಂದು ವಿದ್ಯೆಯಿದೆ. ಅದಕ್ಕೂ ಗುರು ಬೇಕು. ಗುರುದಕ್ಷಿಣೆಯೆಂದು ಬೆರಳಿನ ಚರ್ಮವನ್ನಾದರೂ ಒಪ್ಪಿಸಬೇಕು. ಈ ಸಂಗತಿ ನನಗೆ ತಿಳಿದುದು ಕಳೆದ ವರ್ಷದ ನವರಾತ್ರಿಗೆ ಮುಂಚಿನ ಮೂರು ವಾರಗಳಲ್ಲಿ.

ನಮ್ಮ ಮನೆಯಲ್ಲಿರುವುದು ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಡಿ. ಲೋಕವೆಲ್ಲ ಅದನ್ನು ಬೀಟಲ್ ಎಂದು ಕರೆಯುತ್ತದೆ. ನಮ್ಮ ಬೀದಿಯ ಮಕ್ಕಳು ಆಮೆ ಗಾಡಿ ಎನ್ನುತ್ತಾರೆ. ಎರಡನೆಯ ಹೆಸರೇ ಹೆಚ್ಚು ಒಪ್ಪುವುದೆಂದು ನನ್ನ ಅಭಿಪ್ರಾಯ. ಫರ್ಡಿನಾಂಡ್ ಪೋರ್ಷೆ ಎಂಬ ಯಂತ್ರಶಿಲ್ಪಿ ೧೯೩೦ರ ದಶಕದಲ್ಲಿ ರೂಪಿಸಿದ ಈ ಗಾಡಿ ೨೦೦೩ರ ಜುಲೈ ತಿಂಗಳಿನವರೆಗೂ ತಯಾರಾಗುತ್ತಲೇ ಇದ್ದಿತು. ಕೊನೆಯದು ಮೆಕ್ಸಿಕೋ ದೇಶದ ಪುಯೆಬ್ಲಾ ನಗರದಲ್ಲಿ ಹೊರಬಂದಾಗ ಒಟ್ಟು ಲೆಕ್ಕ ೨,೧೫,೨೯,೪೬೪ ಆಗಿದ್ದಿತು. ಅಷ್ಟರಲ್ಲೊಂದು, ೧೯೬೩ನೆಯ ಇಸವಿಯದು, ಯಾರುಯಾರದೋ ಕೈ ದಾಟಿ ೧೯೭೮ರಲ್ಲಿ ನಮ್ಮ ತೀರ್ಥರೂಪರ ಪಾಲಿಗೆ ಬಂದಿತು. ಅವರು ಜಾಲಹಳ್ಳಿಯ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಫೋರ್‌ಮನ್ ಆಗಿ ನಿವೃತ್ತರಾದವರು. ೧೯೫೩ರಲ್ಲಿ ಸ್ವಿಟ್ಸರ್ಲೆಂಡಿನವರ ಸಹಯೋಗದಿಂದ ಹುಟ್ಟಿದ ಆ ಕಾರ್ಖಾನೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು ಮಾಡುತ್ತಿದ್ದಿತು. ಅಲ್ಲಿ ದುಡಿದವರಿಗೆ ಕೂದಲೆಳೆಯ ಅಂತರವೂ ಒಂದು ಅಂತರವೇ. ‘ನಟ್ಟಿಗೆ ಪಾನಾ ಹಾಕು, ಉಳಿ ಹಾಕಬೇಡ. ಉಳಿ ಹಾಕಿದವನು ಫಿಟ್ಟರಲ್ಲ, ಕಟುಕ’ ಎಂಬುದು ಅವರು ನನಗೆ ಬಾಲ್ಯದಿಂದ ಹೇಳುತ್ತಿದ್ದ ಮಾತು. ಮೂರು ವರ್ಷಗಳ ಹಿಂದೆ ಅವರು ತೀರಿಕೊಂಡರು. ಗಾಡಿ ನನ್ನದಾಯಿತು. ಮಾತು ಮಾತ್ರ ಅವರದಾಗಿಯೇ ಉಳಿಯಿತು.

ನಾನಾದರೋ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಬದುಕುವವನು. ನನ್ನ ಕಸುಬಿನಲ್ಲಿ ಮಾಡಿದ ತಪ್ಪನ್ನು ಆಗಲಿಲ್ಲವೆನ್ನಿಸುವುದಕ್ಕೆ ಒಂದು ಕೀಲಿಯುಂಟು; ಒತ್ತಿದರೆ ಹಿಂದಿನ ಕ್ಷಣ ಮರಳಿ ಬರುತ್ತದೆ. ಕಬ್ಬಿಣಕ್ಕೂ ರಸ್ತೆಗೂ ಅಂಥ ಕೀಲಿಯಿಲ್ಲ. ಅದನ್ನು ನಾನು ಮರೆತಿದ್ದೆನು.

ಆ ಮಳೆಗಾಲದಲ್ಲಿ ಗಾಡಿಯ ಬ್ರೇಕು ಮೆತ್ತಗಾಗಿದ್ದಿತು. ಪೆಡಲನ್ನು ಒಮ್ಮೆ ಒತ್ತಿದರೆ ಹಿಡಿಯದು, ಎರಡನೆಯ ಸಲಕ್ಕೆ ಹಿಡಿಯುವುದು. ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಇಳಿದುದನ್ನು ಕಂಡು ಎರಡು ಸಲ ತುಂಬಿಸಿದೆನು. ಎಣ್ಣೆ ಎಲ್ಲಿ ಹೋಗುತ್ತಿದೆಯೆಂದು ಕೇಳಿಕೊಳ್ಳಲಿಲ್ಲ. ಮುಂದಿನ ಭಾನುವಾರ ನೋಡೋಣವೆಂದುಕೊಂಡೆನು. ಹೀಗೆ ಐದಾರು ಭಾನುವಾರಗಳು ಕಳೆದುವು. ಒಂದು ಸಂಜೆ ನಮ್ಮ ಬಡಾವಣೆಯ ಇಳಿಜಾರಿನಲ್ಲಿ ಬರುತ್ತಿದ್ದೆ. ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಕೈಜಾರಿದ ಪುಸ್ತಕವನ್ನೆತ್ತಿಕೊಳ್ಳಲು ರಸ್ತೆಯ ನಡುವೆ ಬಗ್ಗಿದಳು. ನಾನು ಪೆಡಲನ್ನು ಒತ್ತಿದೆನು. ಅದು ನೆಲದವರೆಗೂ ಹೋಯಿತು. ಮತ್ತೆ ಒತ್ತಿದೆನು, ಮತ್ತೆ ನೆಲ. ಕೈಬ್ರೇಕನ್ನೆಳೆದಾಗ ಗಾಡಿ ಬಲಕ್ಕೆ ಸೆಳೆದು, ಯಾರೋ ಮನೆ ಕಟ್ಟಿಸಲು ಸುರಿಸಿದ್ದ ಮರಳಿನ ಗುಡ್ಡೆಗೆ ಮೂತಿಯಿಟ್ಟು ನಿಂತಿತು. ಅವಳಿಗೂ ನನಗೂ ನಡುವೆ ಎರಡು ಮಾರು ದೂರವಿದ್ದಿರಬೇಕು. ಹುಡುಗಿ ತಲೆಯೆತ್ತಿ ಆಮೆ ಗಾಡಿಯನ್ನು ನೋಡಿ ನಕ್ಕು, ಪುಸ್ತಕದ ಧೂಳನ್ನು ಲಂಗಕ್ಕೆ ಒರೆಸಿಕೊಂಡು ಹೊರಟುಹೋದಳು. ನಡೆದುದೇನೆಂದು ಅವಳಿಗೆ ತಿಳಿಯಲೇ ಇಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ.

ಬ್ರೇಕಿನ ತತ್ತ್ವವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಬಲ್ಲವರು ಕ್ಷಮಿಸಬೇಕು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲೆಡೆಗೂ ಕುಂದದೆ ಹರಡುವುದೆಂದು ಫ್ರಾನ್ಸಿನ ಪಾಸ್ಕಲನು ಹದಿನೇಳನೆಯ ಶತಮಾನದಲ್ಲಿಯೇ ಕಂಡುಕೊಂಡನು. ಕಾಲಿನ ಒತ್ತಡವು ಮಾಸ್ಟರ್ ಸಿಲಿಂಡರಿನ ಎಣ್ಣೆಯ ಮೂಲಕ ನಾಲ್ಕು ಚಕ್ರಗಳಿಗೂ ಹೋಗಿ, ಡ್ರಮ್ಮಿನೊಳಗಿನ ಷೂಗಳನ್ನು ಅಗಲಿಸುತ್ತದೆ. ಆ ಕಾಲದ ನಮ್ಮ ಗಾಡಿಯಲ್ಲಿ ನಾಲ್ಕಕ್ಕೂ ಸೇರಿ ಒಂದೇ ದಾರಿ. ಎಲ್ಲಿಯಾದರೂ ಒಂದು ರಬ್ಬರು ಬಟ್ಟಲು ಹರಿದರೆ ನಾಲ್ಕೂ ಚಕ್ರಗಳು ಅನಾಥವಾಗುವುವು. ನಮ್ಮದರಲ್ಲಿ ಹರಿದುದು ಎಡಗಡೆಯ ಹಿಂದಿನ ಚಕ್ರದ್ದು; ಒಳಗೋಡೆಯಲ್ಲಿ ಎಣ್ಣೆ ಇಳಿದಿದ್ದ ಗೆರೆಯೇ ಅದನ್ನು ಹೇಳುತ್ತಿದ್ದಿತು. ಈ ಗಾಡಿಯಲ್ಲಿ ಹಿಂದಿನ ಡ್ರಮ್ಮು ಅಚ್ಚಿನ ಹಲ್ಲುಗಳ ಮೇಲೆ ಕೂತಿರುತ್ತದೆ. ಅದನ್ನು ಅಚ್ಚಿಗೆ ಬಿಗಿದಿರುವುದು ಒಂದೇ ಒಂದು ನಟ್ಟು. ಮೂವತ್ತಾರು ಮಿಲಿಮೀಟರಿನದು, ಕೋಟೆಯ ತೆನೆಗಳಂತೆ ತಲೆಯಲ್ಲಿ ಸೀಳುಗಳಿರುವುದು. ಸೀಳಿನಲ್ಲೊಂದು ಪಿನ್ನು ಹಾಯ್ದಿರುತ್ತದೆ. ಅದು ಬಿಚ್ಚದೆ ಡ್ರಮ್ಮು ಬರದು. ಡ್ರಮ್ಮು ಬರದೆ ಸಿಲಿಂಡರು ಕಾಣದು.

ಈ ಕೆಲಸವನ್ನು ನಾನೇ ಮಾಡಬೇಕೆಂದು ನಿಶ್ಚಯಿಸಿದೆನು. ಪ್ರಾಯಶ್ಚಿತ್ತವನ್ನು ಕೂಲಿಗೆ ಮಾಡಿಸುವುದುಂಟೆ? ಎಸ್.ಜೆ.ಪಿ. ರಸ್ತೆಗೆ ಹೋಗಿ ಸಾಕೆಟ್ಟನ್ನೂ ಹಿಡಿಯನ್ನೂ ಕೊಂಡುತಂದೆನು. ಪಿನ್ನು ತುಕ್ಕು ಹಿಡಿದು ತುಂಡುತುಂಡಾಗಿ ಬಂದಿತು. ಇಂಥ ಕೆಲಸವನ್ನು ಚಕ್ರ ನೆಲದ ಮೇಲಿರುವಾಗಲೇ ಮಾಡಬೇಕು. ಜಾಕಿನ ಮೇಲೆ ಎತ್ತಿ ಬಲಪ್ರಯೋಗ ಮಾಡಿದರೆ ಗಾಡಿ ಮೈಮೇಲೆ ಬೀಳುವುದು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರಿನಲ್ಲಿ ನಿಲ್ಲಿಸಿ, ಹಿಡಿಯನ್ನೇರಿ ನಿಂತೆನು. ನಟ್ಟು ಅಲುಗಲಿಲ್ಲ. ಕುಣಿದೆನು. ಅಲುಗಲಿಲ್ಲ. ಮೂರನೆಯ ಕುಣಿತಕ್ಕೆ ಹಿಡಿಯ ತುದಿಯ ಚೌಕದ ಮೊಳೆ ಮುರಿದು ನಾನು ಅಂಗಳದಲ್ಲಿ ಅಂಗಾತ ಬಿದ್ದೆನು. ಮೂರು ರಾತ್ರಿ ಎಣ್ಣೆಯಲ್ಲಿ ನೆನೆಯಿಟ್ಟೆನು. ಎಣ್ಣೆ ಕುಡಿದ ನಟ್ಟು ಮೊದಲಿನಂತೆಯೇ ಇದ್ದಿತು. ನನ್ನ ಬೆರಳುಗಳು ಮಾತ್ರ ಊದಿದುವು.

ನಾಲ್ಕನೆಯ ದಿನ ನನಗೆ ಸಿಟ್ಟು ನೆತ್ತಿಗೇರಿತು. ಪೆಟ್ಟಿಗೆಯಿಂದ ಸುತ್ತಿಗೆಯನ್ನೂ ಉಳಿಯನ್ನೂ ತೆಗೆದೆನು. ನಟ್ಟಿನ ಒಂದು ಮೂಲೆಗೆ ಉಳಿಯನ್ನು ಊರಬೇಕೆಂದು ತುಕ್ಕನ್ನು ಒರೆಸಿದಾಗ, ಅಲ್ಲಿ ಆಗಲೇ ಉಳಿಯ ಗಾಯಗಳಿದ್ದುವು. ಒಂದಲ್ಲ, ಐದಾರು, ಹಳೆಯವು, ಆಳವಾದವು. ಬಿಚ್ಚುವ ದಿಕ್ಕಿಗೆ ಹೊಡೆದವಲ್ಲ. ಬಿಗಿಯುವ ದಿಕ್ಕಿಗೆ ಹೊಡೆದವು. ಈ ಗಾಡಿಯ ಮೇಲೆ ನಲವತ್ತು ವರ್ಷಗಳಿಗೂ ಹೆಚ್ಚುಕಾಲ ತೀರ್ಥರೂಪರಲ್ಲದೆ ಬೇರೆಯವರ ಕೈ ಬಿದ್ದಿರಲಿಲ್ಲ. ನಾನು ಉಳಿಯನ್ನು ಹಿಡಿದುಕೊಂಡೇ ಕುಳಿತುಬಿಟ್ಟೆನು.

ಕಾಫಿ ತಂದ ಅಮ್ಮ ಕೇಳಿದರು: “ಇದೇನೋ, ಇನ್ನೂ ಬಿಡಲಿಲ್ಲವೇ ಅದು?”

“ಅಮ್ಮ, ಇದರ ಮೇಲೆ ಯಾರೋ ಉಳಿ ಹೊಡೆದಿದ್ದಾರೆ.”

ಅವರು ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕುಳಿತರು. “ಯಾರೋ ಅಲ್ಲ ಕಣೋ, ನಿಮ್ಮಪ್ಪನೇ. ನೀನು ಒಂದನೇ ಕ್ಲಾಸು. ಬ್ರೇಕು ಕೆಲಸವೆಂದು ಚಕ್ರ ಬಿಚ್ಚಿ ಹರವಿಕೊಂಡು ಕೂತಿದ್ದರು. ಪಾನಾ ಯಾರದೋ ಎರವಲು, ಸಂಜೆ ಅವರು ಬಂದು ಕೇಳಿದರೆಂದು ಕೊಟ್ಟುಬಿಟ್ಟಿದ್ದರು, ನಾಳೆ ಮತ್ತೆ ತಂದರಾಯಿತೆಂದು. ರಾತ್ರಿ ಹನ್ನೊಂದಕ್ಕೆ ನಿನಗೆ ಜ್ವರವೇರಿ ಕಣ್ಣು ಮೇಲೆ ಸಿಕ್ಕಿಕೊಂಡುವು. ಆ ಹೊತ್ತಿನಲ್ಲಿ ಆಟೋ ಎಲ್ಲಿ? ನಾನು ಲಾಟೀನು ಹಿಡಿದೆ, ಅವರು ಉಳಿ ಹಿಡಿದರು. ಅಳುತ್ತಾ ಹೊಡೆದರು. ಮಾರನೆಯ ದಿನ ಪಾನಾ ತಂದು ಸರಿಯಾಗಿ ಬಿಗಿದರು. ಹೊಸ ನಟ್ಟು ಹಾಕಿಸುತ್ತೇನೆ ಎನ್ನುತ್ತಲೇ ಇದ್ದರು. ಆಗ ಎಲ್ಲಿ ಸಿಗುತ್ತಿತ್ತು? ‘ಹುಡುಗನಿಗೆ ಹೇಳಬೇಡ’ ಎಂದಿದ್ದರು.”

ಅದು ೧೯೮೯ನೆಯ ಇಸವಿಯಾಗಿರಬೇಕು. ಆಸ್ಪತ್ರೆಯ ನೆನಪು ನನಗೆ ಇಲ್ಲ. ಹಿಂದಿನ ಸೀಟಿನಿಂದ ಕಾಣುತ್ತಿದ್ದ ಬೀದಿದೀಪಗಳ ಸಾಲು ಮಾತ್ರ ಕನಸಿನಂತೆ ಇದೆ. ಅಮ್ಮನ ಮಾತು ಮುಗಿದ ಮೇಲೆ ನಾನು ಆ ಹುಡುಗಿಯ ವಿಷಯವನ್ನು ಹೇಳಿದೆನು. ಬ್ರೇಕು ಕೆಟ್ಟಿದೆಯೆಂದು ನನಗೆ ವಾರಗಳಿಂದ ತಿಳಿದಿದ್ದಿತೆಂಬುದನ್ನೂ ಹೇಳಿದೆನು. ಅವರು ಗದರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಅವರು ಅವಸರಕ್ಕೆ ಕೆಡಿಸಿದರು, ನೀನು ಸಾವಕಾಶಕ್ಕೆ ಕೆಡಿಸಿದೆ,” ಎಂದರು. “ಉಳಿ ಒಳಗಿಡು. ತಿಳಿದವರಿಗೆ ತೋರಿಸು.”

ತಿಳಿದವರು ಪೀಣ್ಯದಲ್ಲಿದ್ದರು. ಈ ಊರಿಗೂ ಯಂತ್ರಕ್ಕೂ ಇರುವ ಋಣಾನುಬಂಧ ವಿಚಿತ್ರವಾದುದು. ೧೯೩೦ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮ ದೇಶದಲ್ಲಿಯೇ ಮೋಟಾರು ಗಾಡಿಗಳನ್ನು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿ, ಅದಕ್ಕಾಗಿ ಬಹಳ ಶ್ರಮಪಟ್ಟರು. ಅಂದಿನ ಪ್ರಭುತ್ವದ ಬೆಂಬಲ ದೊರೆಯದೆ ಅದು ಇಲ್ಲಿ ಫಲಿಸಲಿಲ್ಲ. ಅವರೊಡನೆ ಕೈಗೂಡಿಸಿದ್ದ ವಾಲ್‌ಚಂದ್ ಹೀರಾಚಂದರು ೧೯೪೦ರ ಡಿಸೆಂಬರಿನಲ್ಲಿ ಮೈಸೂರು ಸರಕಾರದ ನೆರವಿನಿಂದ ಇಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆದರು. ಹೀಗೆ ಮೋಟಾರನ್ನು ಬಯಸಿದ ಬೆಂಗಳೂರಿಗೆ ವಿಮಾನ ದೊರಕಿತು. ಆಮೇಲೆ ಜಾಲಹಳ್ಳಿಯ ದೊಡ್ಡ ಕಾರ್ಖಾನೆಗಳು ಬಂದುವು. ೧೯೭೦ರ ದಶಕದಲ್ಲಿ ಅವುಗಳ ಪಕ್ಕದಲ್ಲಿಯೇ, ತುಮಕೂರು ರಸ್ತೆಯ ಮಗ್ಗುಲಿಗೆ, ಪೀಣ್ಯದ ಸಾವಿರಾರು ಸಣ್ಣ ಸಣ್ಣ ಷೆಡ್ಡುಗಳು ಬೆಳೆಯತೊಡಗಿದುವು. ದೊಡ್ಡ ಆಲದ ಬಿಳಲುಗಳಂತೆ ಅವು ತಾವೇ ಬೇರೂರಿದುವು. ಇಂದು ಅಲ್ಲಿ ತಲೆಯ ಮೇಲೆ ಮೆಟ್ರೋ ರೈಲು ಹೋಗುತ್ತದೆ. ಕೆಳಗೆ ಲೇತುಗಳ ಗುಂಯ್‌ಗುಟ್ಟುವಿಕೆ, ಒತ್ತುಯಂತ್ರಗಳ ದಢದಢ, ಕಾದ ಕಬ್ಬಿಣಕ್ಕೆ ಸುರಿದ ಎಣ್ಣೆಯ ಹೊಗೆ. ಅದರ ನಡುವೆ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬುತ್ತಿ ಹಿಡಿದು ನಡೆವ ಹೆಣ್ಣುಮಕ್ಕಳ ಸಾಲು.

ಗಾಡಿಯನ್ನು ಹೊರುವ ಲಾರಿಯ ಮೇಲೆ ಹೇರಿಸಿಕೊಂಡು ಅಲ್ಲಿಯ ಒಂದು ಷೆಡ್ಡಿಗೆ ಒಯ್ದೆನು. ಮೇಸ್ತ್ರಿಗಳು ಎಪ್ಪತ್ತರ ಹತ್ತಿರದವರು. ಲೇತಿನ ಮುಂದೆ ಕೆಲಸ ಕಲಿತವರು. ಅವರು ಮೊದಲು ಏನನ್ನೂ ಮುಟ್ಟಲಿಲ್ಲ. ತಂತಿಯ ಕುಂಚದಿಂದ ನಟ್ಟನ್ನು ಉಜ್ಜಿ, ಹೆಬ್ಬೆರಳಿನಿಂದ ಗಾಯಗಳನ್ನು ಸವರಿ ನೋಡಿದರು.

“ಯಾರು ಸ್ವಾಮಿ ಇದನ್ನು ಹೊಡೆದದ್ದು?”

“ನಮ್ಮ ತಂದೆಯವರು.”

“ಏನು ಕೆಲಸದಲ್ಲಿದ್ದರು?”

“ಎಚ್.ಎಂ.ಟಿ.ಯಲ್ಲಿ ಫೋರ್‌ಮನ್.”

ಮೇಸ್ತ್ರಿಗಳು ನನ್ನ ಮುಖವನ್ನೊಮ್ಮೆ ನೋಡಿದರು. “ಹಾಗಾದರೆ ಬಹಳ ಅವಸರ ಬಿದ್ದಿರಬೇಕು,” ಎಂದಷ್ಟೇ ಹೇಳಿ ಕೆಲಸಕ್ಕೆ ತೊಡಗಿದರು.

ತುಕ್ಕಿನ ಸ್ವಭಾವವನ್ನು ಅವರಿಂದಲೇ ನಾನು ತಿಳಿದುದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಕೇಳುತ್ತದೆ. ನಟ್ಟಿಗೂ ಅಚ್ಚಿಗೂ ನಡುವೆ ಇರುವ ಎಳೆಗಳ ಸಂದಿನಲ್ಲಿ ಅದು ಉಬ್ಬಿ ಎರಡನ್ನೂ ಒಂದಾಗಿ ಬೆಸೆಯುತ್ತದೆ. ಆದಕಾರಣ ಬಲಕ್ಕೆ ಮುಂಚೆ ಬಿರುಕು ಬೇಕು. ಅದಕ್ಕೆ ಉಪಾಯ ಶಾಖ. ಕಬ್ಬಿಣ ಕಾದರೆ ಹಿಗ್ಗುವುದು. ನಟ್ಟನ್ನು ಮಾತ್ರ ಕಾಯಿಸಿ ಅಚ್ಚನ್ನು ತಣ್ಣಗಿಟ್ಟರೆ ನಟ್ಟಿನ ಬಾಯಿ ಕೂದಲೆಳೆಯಷ್ಟು ತೆರೆದು, ನಡುವಣ ತುಕ್ಕು ಒಡೆಯುವುದು. ಸುತ್ತಲೂ ಸೋರಿದ್ದ ಬ್ರೇಕ್ ಎಣ್ಣೆಯನ್ನು ಅವರು ಮೊದಲು ಒರೆಸಿ ತೆಗೆದರು. ಅದು ಬೆಂಕಿ ಹತ್ತುವ ವಸ್ತು. ಹುಡುಗನು ಒಂದು ಬಕೆಟ್ಟು ಮರಳನ್ನು ತಂದಿರಿಸಿದನು. ಒಳಗಿನ ಎಣ್ಣೆಮುಚ್ಚಳದ ರಬ್ಬರು ಬೆಂದರೂ ಬೇಯಲಿ, ಹೇಗೂ ಹೊಸದನ್ನು ಹಾಕಬೇಕು ಎಂದರು. ಗ್ಯಾಸಿನ ಸಣ್ಣ ಜ್ವಾಲೆಯನ್ನು ನಟ್ಟಿನ ಆರು ಮುಖಗಳಿಗೂ ಸಮವಾಗಿ ತೋರಿಸಿದರು. ಆಮೇಲೆ ಮೇಣದ ಬತ್ತಿಯೊಂದನ್ನು ನಟ್ಟಿನ ಬುಡಕ್ಕೆ ಮುಟ್ಟಿಸಿದರು. ಮೇಣ ಕರಗಿ ಸಂದಿನೊಳಕ್ಕೆ ಹರಿಯಿತು.

ಮುಕ್ಕಾಲಂಗುಲದ ಚೌಕವಿರುವ ದಪ್ಪ ಹಿಡಿಗೆ ಆರಡಿಯ ಉಕ್ಕಿನ ಕೊಳವೆಯನ್ನು ಸಿಕ್ಕಿಸಿದರು. ಮೊದಲು ಎಡಕ್ಕಲ್ಲ, ಬಲಕ್ಕೆ, ಬಿಗಿಯುವ ಕಡೆಗೇ ಒಂದಿಷ್ಟು ತಳ್ಳಿದರು. ಒಳಗೆ ಏನೋ ‘ಕಿರ್’ ಎಂದಿತು. “ಈಗ ನೀವೇ ಬನ್ನಿ,” ಎಂದು ಕೊಳವೆಯನ್ನು ಗಾಡಿಯ ಮುಂಭಾಗದ ಕಡೆಗೆ ಚಾಚಿ ನನಗೆ ತೋರಿಸಿದರು.

ಅಭ್ಯಾಸಬಲದಿಂದ ನಾನು ಕುಣಿಯಲು ಸಿದ್ಧನಾದೆನು.

“ಕುಣಿಯಬೇಡಿ ಸ್ವಾಮಿ. ಸುಮ್ಮನೆ ನಿಲ್ಲಿ. ಭಾರ ಇಟ್ಟು ಕಾಯಿರಿ.”

ಈ ನಟ್ಟನ್ನು ಬಿಗಿಯಬೇಕಾದ ಬಲವೆಷ್ಟೆಂದು ತಯಾರಕರೇ ಗೊತ್ತುಮಾಡಿದ್ದಾರೆ: ಒಂದು ಮೀಟರು ಉದ್ದದ ಹಿಡಿಯ ತುದಿಗೆ ೩೦ ಕಿಲೋಗ್ರಾಂ ತೂಗಬಿಟ್ಟಷ್ಟು. ನನ್ನ ತೂಕ ೬೮ ಕಿಲೋಗ್ರಾಂ. ಆರಡಿಯ ಸನ್ನೆಕೋಲಿನ ತುದಿಯಲ್ಲಿ ನಿಂತ ನಾನು ಅದರ ನಾಲ್ಕರಷ್ಟು ಬಲವಾಗಿದ್ದೆನು. ಆದರೂ ಕೆಲವು ಕ್ಷಣ ಏನೂ ಆಗಲಿಲ್ಲ. ಕೊಳವೆ ಬಿಲ್ಲಿನಂತೆ ಬಗ್ಗಿತು. ಹುಡುಗನು ನನ್ನ ಮೊಣಕೈಯನ್ನು ಹಿಡಿದುಕೊಂಡಿದ್ದನು. ಆಗ ‘ಟಣ್’ ಎಂದು ಇಡೀ ಷೆಡ್ಡಿಗೆ ಕೇಳುವಂತೆ ಒಂದು ಸದ್ದಾಯಿತು. ಏನೋ ಮುರಿಯಿತೆಂದು ನಾನು ಹೆದರಿದೆನು. ಕೊಳವೆ ಮೆಲ್ಲಗೆ, ಮುದುಕರು ಕುಳಿತುಕೊಳ್ಳುವಂತೆ, ನನ್ನನ್ನು ನೆಲಕ್ಕೆ ಇಳಿಸಿತು. ಮೂವತ್ತೈದು ವರ್ಷಗಳ ಆ ರಾತ್ರಿ ಸಡಿಲಿತ್ತು.

ಡ್ರಮ್ಮಿನ ಒಳಗೆ ನೋಡಬಾರದುದನ್ನೆಲ್ಲ ನೋಡಿದೆನು. ಷೂಗಳು ಎಣ್ಣೆಯಲ್ಲಿ ತೊಯ್ದಿದ್ದುವು. ಅಂದು ಗಾಡಿ ಬಲಕ್ಕೆ ಸೆಳೆದುದಕ್ಕೆ ಕಾರಣ ಇದೇ, ಎಡಗಡೆಯದು ಹಿಡಿಯಲೇ ಇಲ್ಲ. ಸಿಲಿಂಡರಿನ ರಬ್ಬರು ಬಟ್ಟಲು ಕೈಯಲ್ಲಿ ಪುಡಿಯಾಯಿತು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ವರ್ಷ ಕಳೆದಂತೆ ಒಳಗಿನ ಲೋಹ ತುಕ್ಕು ಹಿಡಿಯುತ್ತದೆ, ಎಣ್ಣೆ ಕುದಿಯುವ ಶಾಖವೂ ಇಳಿಯುತ್ತದೆ. ಹೊಸದಾಗಿದ್ದಾಗ ೨೦೫ ಡಿಗ್ರಿಗೆ ಮೊದಲು ಕುದಿಯದ ಸಾಮಾನ್ಯ ಎಣ್ಣೆ ನೀರು ಕುಡಿದ ಮೇಲೆ ೧೪೦ರಲ್ಲಿಯೇ ಕುದಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕೆನ್ನುವುದು ಇದಕ್ಕಾಗಿ. ನಾನು ಬದಲಾಯಿಸಿರಲಿಲ್ಲ. ಒಳಗೆ ಕೂತಿದ್ದ ಕರಿಯ ಧೂಳನ್ನು ಹುಡುಗನು ಊದಲು ಹೋದಾಗ ಮೇಸ್ತ್ರಿಗಳು ಗದರಿಸಿದರು. ಹಳೆಯ ಷೂಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿದ್ದಿತು. ಆ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಸಿದರು.

ಹೊಸ ಸಿಲಿಂಡರು, ಷೂ, ಎಣ್ಣೆಮುಚ್ಚಳ, ಎರಡು ಹೊಸ ನಟ್ಟುಗಳು ಬರುವುದಕ್ಕೆ ಹತ್ತು ದಿನ ಹಿಡಿಯಿತು. ಹಳೆಯ ನಟ್ಟನ್ನೇ ಹಾಕಿ ಅಲ್ಲಿಯವರೆಗೆ ಓಡಿಸಬಹುದೆ ಎಂದು ನಾನು ಕೇಳಲಿಲ್ಲ. ಬಿಗಿಯುವ ದಿನ ಮೇಸ್ತ್ರಿಗಳು ಅಳತೆಯ ಪಾನಾದಿಂದ ಮೂವತ್ತಕ್ಕೆ ಸರಿಯಾಗಿ ಬಿಗಿದರು. ಪಿನ್ನಿನ ತೂತು ಸೀಳಿಗೆ ಎದುರಾಗಲಿಲ್ಲ. “ಒಂದಿಷ್ಟು ಹಿಂದಕ್ಕೆ ತಿರುಗಿಸಿದರೆ ಸರಿಹೋಗುತ್ತದಲ್ಲ?” ಎಂದೆನು. “ಹಿಂದಕ್ಕೆ ಹೋಗಬಾರದು ಸ್ವಾಮಿ. ಸಡಿಲಾದರೆ ಹಲ್ಲು ತಿಂದು ಚಕ್ರವೇ ಕಳಚೀತು. ಮುಂದಿನ ಸೀಳಿನವರೆಗೆ ಬಿಗಿಯಬೇಕು,” ಎಂದು ಹಾಗೆಯೇ ಮಾಡಿ ಪಿನ್ನನ್ನು ಹಾಯಿಸಿ ಮಡಿಸಿದರು.

ಎಣ್ಣೆಯಲ್ಲಿ ಸಿಕ್ಕಿದ ಗಾಳಿಯನ್ನು ಹೊರಗೆಡಹುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲಿನ ಮೇಲೆ, ಒಬ್ಬರು ಚಕ್ರದ ಬಳಿ. ಮಾಸ್ಟರ್ ಸಿಲಿಂಡರಿಗೆ ಅತ್ಯಂತ ದೂರದ ಚಕ್ರದಿಂದ ಆರಂಭಿಸಬೇಕು. ಅದು ನಮ್ಮ ಎಡಗಡೆಯ ಹಿಂದಿನ ಚಕ್ರವೇ. ಮೇಸ್ತ್ರಿಗಳು ಅಲ್ಲಿ ಕುಳಿತು “ಒತ್ತಿ… ಹಿಡಿಯಿರಿ… ಬಿಡಿ” ಎನ್ನುತ್ತಿದ್ದರು, ನಾನು ಒತ್ತುತ್ತಿದ್ದೆನು. ಕೊಳವೆಯಲ್ಲಿ ಗುಳ್ಳೆಗಳು ಬರುವುದು ನಿಂತಿತು. ಪೆಡಲು ಅಂಗಾಲಿಗೆ ಕಲ್ಲಿನಂತೆ ಎದುರಾಯಿತು. ಹಾಗೆ ಎದುರಾಗುವುದರಲ್ಲಿ ಎಂಥ ಸುಖವಿದೆಯೆಂಬುದನ್ನು, ಅದು ನೆಲಕ್ಕಿಳಿದ ದಿನವನ್ನು ಕಂಡವನೇ ಬಲ್ಲ.

ಆಯುಧಪೂಜೆಯ ದಿನ ಪೀಣ್ಯದಲ್ಲಿ ಲೇತುಗಳಿಗೆ ಬಾಳೆಕಂದು, ಚೆಂಡುಹೂವಿನ ಹಾರ. ನಮ್ಮ ಮನೆಯಲ್ಲಿ ಆಮೆ ಗಾಡಿಗೆ ಕುಂಕುಮವಿಟ್ಟು, ಚಕ್ರಗಳಡಿಗೆ ನಿಂಬೆಹಣ್ಣನ್ನಿಟ್ಟು ಬೂದುಗುಂಬಳವನ್ನು ಒಡೆದೆವು. ದೇವರ ಮುಂದೆ ಸುತ್ತಿಗೆ, ಪಾನಾ, ನನ್ನ ಗಣಕಯಂತ್ರ ಎಲ್ಲವೂ ಇದ್ದುವು. ಅಮ್ಮ ಆ ಹಳೆಯ ನಟ್ಟನ್ನೂ ತೊಳೆದು ಒಂದು ಅರಿಸಿನದ ಬೊಟ್ಟಿಟ್ಟು ಸಾಲಿನಲ್ಲಿರಿಸಿದ್ದರು. ಅದು ಆಯುಧವೇ ಅಲ್ಲವೆಂದು ಯಾರೂ ಆಕ್ಷೇಪಿಸಲಿಲ್ಲ.

ಸಂಜೆ ಅವರನ್ನು ಮುಂದೆ ಕೂರಿಸಿಕೊಂಡು ಆ ಇಳಿಜಾರಿಗೆ ಹೋದೆನು. ಮರಳಿನ ಗುಡ್ಡೆ ಕರಗಿ, ಅಲ್ಲಿ ಮನೆಯ ಗೋಡೆ ಎದ್ದಿದ್ದಿತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಪುಸ್ತಕ ಬಿದ್ದ ಜಾಗಕ್ಕೆ ಮೂರು ಮಾರು ಮುಂಚೆ ಬ್ರೇಕನ್ನು ಒತ್ತಿದೆನು. ಗಾಡಿ ಎಡಕ್ಕೂ ಬಲಕ್ಕೂ ಹೊರಳದೆ ನೆಟ್ಟಗೆ ನಿಂತಿತು. “ಯಾಕೋ ನಿಲ್ಲಿಸಿದೆ?” ಎಂದು ಅಮ್ಮ ಕೇಳಲಿಲ್ಲ. ಆ ಹುಡುಗಿಯನ್ನು ನಾನು ಮತ್ತೆ ಕಂಡಿಲ್ಲ, ಕಂಡರೂ ಗುರುತಿಸಲಾರೆನು. ಈಗಲೂ ಆ ದಾರಿಯಲ್ಲಿ ಹೋಗುವಾಗ, ಅಗತ್ಯವಿಲ್ಲದಿದ್ದರೂ, ಅಲ್ಲೊಮ್ಮೆ ನಿಲ್ಲಿಸಿ ಮುಂದೆ ಹೋಗುತ್ತೇನೆ. ಹಿಂದಿನಿಂದ ಬರುವವರು ಹಾರನ್ನು ಮಾಡುತ್ತಾರೆ. ಮಾಡಲಿ.